ತುಟಿಗಳ ನಡುವೆ ಕ್ಲಿಪ್ಪು

ಸೀಮೆಎಣ್ಣೆಯ ತಟ್ಟೆಯ ತಳದಲ್ಲಿ ಅದು ಸುಮ್ಮನೆ ಮಲಗಿತ್ತು. ಬೆಳಿಗ್ಗೆ ಏಳೂವರೆಗೆ ಶಟರ್ ಎತ್ತಿ, ನಿನ್ನೆಯ ಕೊಳೆ ಎಣ್ಣೆಯನ್ನು ಡಬ್ಬಕ್ಕೆ ಬಗ್ಗಿಸುವಾಗ ತಟ್ಟೆಯ ಅಂಚಿಗೆ ಜಾರಿ ಬಂದು ಸಣ್ಣಗೆ ಸದ್ದು ಮಾಡಿತು. ಅವನು ಬೆರಳ ತುದಿಯಲ್ಲಿ ಎತ್ತಿ ನೋಡಿದ. ಚೈನಿನ ಕ್ಲಿಪ್ಪು. ಕಿರುಬೆರಳ ಉಗುರಿಗಿಂತ ತುಸು ಉದ್ದ. ಒಂದು ತುದಿ ಮುಚ್ಚಿ ಇನ್ನೊಂದು ಸೀಳಿದ, ಪುಟ್ಟ ಮೀನಿನಂಥ ತಗಡು. ಬೈಕಿನ ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿ ಕಳಚಿಕೊಳ್ಳದ ಹಾಗೆ ಹಿಡಿದಿಡುವುದು ಇದೊಂದೇ. ನಿನ್ನೆ ಇಡೀ ದಿನ ಅವನು ಬದಲಿಸಿದ್ದು ಒಂದೇ ಒಂದು ಚೈನು. ಭಾವನ ಗಾಡಿಯದು.

ಗಾಬರಿಯಾಗುವ ಮೊದಲು ಮನಸ್ಸು ಲೆಕ್ಕಕ್ಕೆ ಕೂತಿತು. ಹಳೆಯ ಚೈನಿಗೊಂದು ಕ್ಲಿಪ್ಪು, ಹೊಸದಕ್ಕೊಂದು. ಹಳೆಯದನ್ನು ಬಿಚ್ಚಿದ ಮೇಲೆ ಅದರ ಕೊಂಡಿ, ಕ್ಲಿಪ್ಪು ಎರಡನ್ನೂ ಅದಕ್ಕೇ ಸಿಕ್ಕಿಸಿ, ಸುತ್ತಿ, ತಂತಿ ಬಿಗಿದು ಗಿರಾಕಿಯ ಕೈಗೆ ಕೊಡುವುದು ಅವನ ರೂಢಿ. ಭಾವ ಅದನ್ನು ಗೇಟಿಗೆ ಸುತ್ತಿ ಬೀಗ ಹಾಕಲು ಆಗುತ್ತದೆಂದು ಕಾಗದದಲ್ಲಿ ಕಟ್ಟಿಕೊಂಡು ಹೋಗಿದ್ದರು. ಹಾಗಾದರೆ ಹಳೆಯ ಕ್ಲಿಪ್ಪು ಹಳೆಯ ಚೈನಿನ ಜೊತೆ ಹೋಯಿತು. ಹಾಗಾದರೆ ಇದು ಹೊಸದು. ಹಾಗಾದರೆ ಗಾಡಿಯಲ್ಲಿ ಕ್ಲಿಪ್ಪಿಲ್ಲ. ಆದರೆ ನಿನ್ನೆ ತಂತಿ ಬಿಗಿದದ್ದು ನೆನಪಾಗುತ್ತಿಲ್ಲ. ಭಾವ ಅವಸರ ಮಾಡುತ್ತಿದ್ದರು. ಕ್ಲಿಪ್ಪನ್ನು ಬಾಗಿಲಿನ ಬೆಳಕಿಗೆ ಹಿಡಿದ. ಸವೆತವಿಲ್ಲ. ಹೊಸದೇ. ಆಮೇಲೆ, ಎರಡು ತಿಂಗಳ ಹಿಂದೆ ಅದೇ ಹಳೆಯ ಚೈನು ಜೋತುಬಿದ್ದಾಗ ಎರಡು ಕೊಂಡಿ ಕಡಿಮೆ ಮಾಡಿ ಹೊಸ ಕ್ಲಿಪ್ಪು ಹಾಕಿದ್ದು ತಾನೇ ಎಂಬುದು ನೆನಪಾಯಿತು. ಎರಡು ತಿಂಗಳಲ್ಲಿ ಎಷ್ಟು ಸವೆದೀತು? ಉಗುರಿನಲ್ಲಿ ಕೆರೆದ. ತಗಡು ಏನನ್ನೂ ಹೇಳಲಿಲ್ಲ.

ಕ್ಲಿಪ್ಪಿಲ್ಲದೆಯೂ ಚೈನು ಸ್ವಲ್ಪ ದೂರ ಓಡುತ್ತದೆ. ಅದೇ ಅದರ ಮೋಸ. ಹೊಸ ಕೊಂಡಿಯ ಹೊರಪಟ್ಟಿ ಬಿಗಿಯಾಗಿ ಕೂತಿರುತ್ತದೆ, ಊರೊಳಗಿನ ಓಟಕ್ಕೆ ಹೆದರುವುದಿಲ್ಲ. ಏರಿನಲ್ಲಿ ಎಳೆತ ಬಿದ್ದಾಗ, ಇಳಿಜಾರಿನಲ್ಲಿ ಗೇರು ಬಿಟ್ಟು ಹಿಡಿದಾಗ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಗೆ ಸರಿಯುತ್ತದೆ. ಒಮ್ಮೆ ಕಳಚಿದರೆ ಚೈನು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಚಕ್ರ ಇದ್ದಲ್ಲೇ ಸತ್ತುಹೋಗುತ್ತದೆ. ಹತ್ತು ಗಂಟೆಗೆ ಭಾವ ಮತ್ತು ಅಕ್ಕ ಕಣಿವೆ ರಸ್ತೆಯಲ್ಲಿ ಮಗಳು ಪುಟ್ಟಿಯ ಹಾಸ್ಟೆಲಿಗೆ ಹೊರಡುವವರಿದ್ದರು. ಒಂದು ಫೋನು ಮಾಡಿದರೆ ಮುಗಿಯಿತು. ಅಕ್ಕಾ, ಹೊರಡಬೇಡಿ, ನಾನು ಬಂದು ಒಂದು ಸಲ ನೋಡುತ್ತೇನೆ. ಇಷ್ಟೇ ಮಾತು. ಅವನು ಫೋನು ತೆಗೆದ, ಪರದೆಯ ಮೇಲಿನ ಎಣ್ಣೆಯನ್ನು ಅಂಗಿಗೆ ಒರೆಸಿದ, ಮತ್ತೆ ಜೇಬಿಗೆ ಹಾಕಿದ.

ಹಾಕಿದ್ದಕ್ಕೆ ಕಾರಣವಿತ್ತು. ನಿನ್ನೆ ಸಂಜೆ, ಜೀವಮಾನದಲ್ಲಿ ಮೊದಲನೆಯ ಸಲ, ಅವನು ಭಾವನಿಗೆ ಎದುರು ಮಾತಾಡಿದ್ದ. ಭಾವ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ಏನ್ ಇಂಜಿನಿಯರ್ ಸಾಹೇಬ್ರೇ, ಇವತ್ತೇ ಆಗುತ್ತೋ, ಇಲ್ಲ ಟೆಂಡರ್ ಕರೀಬೇಕೋ?" ಕಾಲೇಜು ಎರಡನೆಯ ವರ್ಷಕ್ಕೇ ಬಿಟ್ಟ ದಿನದಿಂದ ಭಾವನ ಬಾಯಲ್ಲಿ ಅವನು ಇಂಜಿನಿಯರ್. "ಸುಮ್ನಿರ್ರೀ, ಮಾಡ್ತಿದ್ದಾನಲ್ಲ," ಎಂದಳು ಪಕ್ಕದಲ್ಲಿ ನಿಂತಿದ್ದ ಅಕ್ಕ, ಯಾವಾಗಲೂ ಎನ್ನುವ ಹಾಗೆ, ಯಾರ ಕಡೆಯೂ ನೋಡದೆ. ಹೊಸ ಚೈನನ್ನು ಹಳೆಯದರ ಬಾಲಕ್ಕೆ ಸಿಕ್ಕಿಸಿ ಮುಂದಿನ ಹಲ್ಲುಚಕ್ರದ ಸುತ್ತ ಎಳೆದುಕೊಂಡದ್ದು, ಎರಡು ತುದಿಗಳನ್ನು ಹಿಂದಿನ ಚಕ್ರದ ಹಲ್ಲುಗಳ ಮೇಲೆ ತಂದು ಕೂರಿಸಿ ಕೊಂಡಿ ತೂರಿಸಿದ್ದು, ಇದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಭಾವ ಅಂದರು: "ಅಲ್ಲಪ್ಪ, ನಾಳೆ ಹಾಸ್ಟೆಲ್‌ಗೆ ನಾನೂ ಬರ್ಲಾ ಅಂತ ನಿಮ್ಮಕ್ಕನ್ನ ಕೇಳಿದ್ಯಂತೆ? ಬೇಡ ಬಿಡು. ಹೋದ ಸಲ ಅವರ ಪುಸ್ತಕದಲ್ಲಿ ನೀನು ಸಹಿ ಹಾಕಿದ್ಯಲ್ಲ, ಆ ಹಾಳೆ ಮೇಲೆ ಐದು ಬೆರಳೂ ಅಚ್ಚು ಬಿದ್ದಿದೆ. ಓದು ಅರ್ಧಕ್ಕೆ ಬಿಟ್ಟೋರು ಸಹಿ ಅರ್ಧ, ಹೆಬ್ಬೆಟ್ಟು ಅರ್ಧ ಹಾಕ್ತಾರೇನೋ ಅಂತ ವಾರ್ಡನ್ ಮೇಡಂ ನಗ್ತಿದ್ರು." ಹೇಳಿ ತಾವೇ ನಕ್ಕರು. ಹೋದ ಸಲ ಅದೇ ವಾರ್ಡನ್ನಿನ ಮುಂದೆ ಭಾವ ಅವನನ್ನು 'ಇವರು ನಮ್ಮ ಮೆಕ್ಯಾನಿಕ್ಕು' ಎಂದು ಪರಿಚಯಿಸಿದ್ದರು. ಮೆಟ್ಟಿಲ ಮೇಲಿಂದ ಪುಟ್ಟಿ 'ಮಾಮಾ' ಎಂದು ಕಿರುಚಿಕೊಂಡು ಓಡಿ ಬಂದಾಗ ಆ ಹೆಂಗಸು ಒಂದು ಸಲ ಭಾವನನ್ನೂ ಒಂದು ಸಲ ಅವನನ್ನೂ ನೋಡಿದ್ದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹೊರಡುವ ಮುಂಚೆ ನಿಂಬೆಹಣ್ಣು, ಸಕ್ಕರೆ ಹಾಕಿ ಅರ್ಧ ಗಂಟೆ ತಿಕ್ಕಿದ್ದ ಕೈಗಳು. ಉಗುರಿನ ಬುಡದ ಕಪ್ಪು ಅವನ ಮಾತು ಕೇಳುವ ಕಪ್ಪಲ್ಲ.

ನಿನ್ನೆ ಅವನು ತಲೆ ಎತ್ತಿ ಹೇಳಿದ್ದ: "ಭಾವ, ಈ ಕಪ್ಪು ಕೈಯನ್ನ ನಂಬ್ಕೊಂಡೇ ನೀವು ಹೆಂಡ್ತೀನ ಹಿಂದೆ ಕೂರಿಸ್ಕೊಂಡು ಹೋಗೋದು. ಅದನ್ನ ಮರೀಬೇಡಿ." ಅಷ್ಟೇ. ಭಾವನ ನಗು ಅಲ್ಲೇ ನಿಂತುಹೋಗಿತ್ತು. ಅಕ್ಕ ನೆಲ ನೋಡಿದ್ದಳು, ಆದರೆ ಅವಳ ತುಟಿಯ ಅಂಚಿನಲ್ಲಿ ಏನೋ ಇತ್ತು. ರಾತ್ರಿಯೆಲ್ಲ ಅವನು ಆ ಮಾತನ್ನು ಬೆಲ್ಲದ ಚೂರಿನ ಹಾಗೆ ಬಾಯಲ್ಲಿ ಹೊರಳಿಸಿ ಮಲಗಿದ್ದ. 'ನಂಬ್ಕೊಂಡೇ' ಎಂಬಲ್ಲಿ ಇನ್ನೊಂದು ಸ್ವಲ್ಪ ಒತ್ತು ಕೊಡಬಹುದಿತ್ತು. 'ಮರೀಬೇಡಿ' ಚೆನ್ನಾಗಿ ಬಿದ್ದಿತ್ತು. ಈಗ ಬೆಳಿಗ್ಗೆ ಏಳೂವರೆಗೆ ಫೋನು ಮಾಡಿ, ಭಾವ, ನಿನ್ನೆ ಹೇಳಿದ ಆ ಕೈ ಒಂದು ಕ್ಲಿಪ್ಪು ಮರೆತಿರಬಹುದು ಎನ್ನುವುದೇ? ಇನ್ನು ಇಪ್ಪತ್ತು ವರ್ಷ ಭಾವ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಪುಟ್ಟಿಯ ಮದುವೆಯಲ್ಲೂ ಹೇಳುತ್ತಾರೆ. ಮೊದಲು ಗೊತ್ತು ಮಾಡಿಕೊಳ್ಳೋಣ, ಆಮೇಲೆ ಮಾಡಿದರಾಯಿತು ಎಂದುಕೊಂಡ. ಹತ್ತಕ್ಕೆ ತಾನೆ ಹೊರಡುವುದು. ಇನ್ನೂ ಹೊತ್ತಿದೆ.

ಎಂಟೂವರೆಗೆ ಒಬ್ಬರು ಕ್ಲಚ್ಚಿನ ತಂತಿ ಬದಲಿಸಲು ಬಂದರು. ಅವನು ಬದಲಿಸಿದ, ಎಳೆದು ನೋಡಿದ, ಬಿಟ್ಟ, ಮತ್ತೆ ಎಳೆದು ನೋಡಿದ. ನಟ್ಟಿಗೆ ಸ್ಪ್ಯಾನರ್ ಹಾಕಿ ತೆಗೆದವನು ಮತ್ತೆ ಹಾಕಿದ. "ಏನ್ ಸ್ವಾಮಿ, ಉತ್ತರಪತ್ರಿಕೆ ತಿದ್ದೋ ಹಾಗೆ ನೋಡ್ತಿದೀರಿ, ಪಾಸೋ ಫೇಲೋ ಹೇಳ್ಬಿಡಿ," ಎಂದು ಅವರು ನಕ್ಕರು. ಅವನೂ ನಕ್ಕ. ನಗುವಾಗ, ಇವರು ಹೋದ ಕೂಡಲೇ ಫೋನು ಮಾಡುವುದು ಎಂದು ತೀರ್ಮಾನಿಸಿದ್ದ. ಅವರು ಹೋದರು. ಒಂಬತ್ತಾಯಿತು. ಅಕ್ಕ ಈಗ ಜಡೆ ಹಾಕಿಕೊಳ್ಳುತ್ತಿರಬೇಕು. ಅವಳೇ ಅವನಿಗೆ ಸೈಕಲ್ ಕಲಿಸಿದ್ದು, ಅಪ್ಪನ ದೊಡ್ಡ ಸೈಕಲ್ಲು, ಪೆಡಲ್ಲಿಗೆ ಕಾಲು ಎಟುಕದ ಕಾಲ. ಹಿಂದಿನ ಕ್ಯಾರಿಯರ್ ಹಿಡಿದು ಓಡಿ ಬರುತ್ತ, "ಬಿಟ್ಟಿಲ್ಲ ಕಣೋ, ಹಿಡ್ಕೊಂಡಿದೀನಿ, ತುಳಿ," ಎನ್ನುತ್ತಿದ್ದಳು. ದನಿ ದೂರವಾಯಿತು ಅನ್ನಿಸಿ ತಿರುಗಿ ನೋಡಿದರೆ ಅವಳು ಬೀದಿಯ ಆ ತುದಿಯಲ್ಲಿ ನಿಂತು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. ಅವನು ಬಿದ್ದ. ಅಲ್ಲಿಯವರೆಗೆ ಬಿದ್ದಿರಲಿಲ್ಲ. ಗಲ್ಲದ ಕೆಳಗೆ ಗಾಯದ ಗುರುತು ಈಗಲೂ ಇದೆ, ಕ್ಷೌರ ಮಾಡಿಕೊಳ್ಳುವಾಗ ಬ್ಲೇಡು ಅಲ್ಲಿ ತುಸು ತಡವರಿಸುತ್ತದೆ. ಒಂಬತ್ತೂಕಾಲು. ಅವನ ಕೈ ಮೂರನೆಯ ಸಲ ಜೇಬಿಗೆ ಹೋಗಿ ಬರಿದೇ ವಾಪಸು ಬಂತು. ಒಂಬತ್ತೂಮುಕ್ಕಾಲಿಗೆ ತಾನು ಅಂಗಡಿ ಗುಡಿಸುತ್ತಿರುವುದು, ಮೂಲೆ ಮೂಲೆಯ ಕಸದಲ್ಲಿ ಎರಡನೆಯ ಕ್ಲಿಪ್ಪನ್ನು ಹುಡುಕುತ್ತಿರುವುದು ಅವನ ಗಮನಕ್ಕೆ ಬಂತು. ಇನ್ನೊಂದು ಸಿಕ್ಕಿದ್ದರೂ ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ.

ಪಕ್ಕದ ಅಂಗಡಿ ಟೈಲರನದು. ಎರಡು ಅಂಗಡಿಗಳ ನಡುವೆ ಒಂದು ಹಲಗೆಯ ಗೋಡೆ. ಇಲ್ಲಿ ಸೀನಿದರೆ ಅಲ್ಲಿ ಕೇಳುತ್ತದೆ. ಅವನು ಹೋಗಿ ಬಾಗಿಲಲ್ಲಿ ನಿಂತ. ಟೈಲರ್ ಒಂದು ಕೋಟಿನ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದ, ನಾಲ್ಕೈದು ಸೂಜಿಗಳು ತುಟಿಗಳ ನಡುವೆ ಸಾಲಾಗಿ ನಿಂತಿದ್ದವು. "ನಿನ್ನೆ ಸಂಜೆ," ಅವನೆಂದ, "ನಾನು ನಮ್ಮ ಭಾವಂಗೆ ಏನೋ ಅಂದ್ನಲ್ಲ. ಆಮೇಲೆ ಇಕ್ಕಳ ಹಿಡ್ಕೊಂಡ್ನಾ, ಕ್ಲಿಪ್ಪು ಹಾಕಿದ್ನಾ, ನಿಮಗೇನಾದ್ರೂ ಕಾಣಿಸ್ತಾ?" ಪ್ರಶ್ನೆ ಕೇಳಿದವನ ಕಿವಿಗೇ ಹುಚ್ಚುಹುಚ್ಚಾಗಿತ್ತು. ಟೈಲರ್ ಕೈ ಎತ್ತಿ, ತಾಳು ಎಂದು ಸನ್ನೆ ಮಾಡಿದ. ಬಾಯಿಂದ ಒಂದು ಸೂಜಿ ತೆಗೆದು ದಿಂಬಿಗೆ ಚುಚ್ಚಿದ. ಇನ್ನೊಂದು ತೆಗೆದ. ಮತ್ತೊಂದು. ಅವೆಲ್ಲ ಹೊರಬಂದ ಮೇಲೆಯೇ ಅವನಿಗೆ ಮಾತು. ಇವನು ಆ ಬೆರಳುಗಳನ್ನೇ ನೋಡುತ್ತ ನಿಂತ.

ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: "ಕ್ಲಿಪ್ಪನ್ನ ನೆಲಕ್ಕಿಡಬೇಡ, ಜೇಬಿಗೂ ಹಾಕ್ಬೇಡ. ಬಾಯಲ್ಲಿ ಕಚ್ಕೋ. ಕಳೆಯೋದೂ ಇಲ್ಲ, ನಿನ್ನ ಹರಟೆನೂ ತಪ್ಪುತ್ತೆ." ಹದಿನಾಲ್ಕು ವರ್ಷದಿಂದ ಹಾಗೆಯೇ. ಎಡಗೈಯಲ್ಲಿ ಕೊಂಡಿ, ಬಲಗೈಯಲ್ಲಿ ಹೊರಪಟ್ಟಿ, ತುಟಿಗಳ ನಡುವೆ ಕ್ಲಿಪ್ಪು. ಪಟ್ಟಿ ಕೂತ ಮೇಲೆ ಬಾಯಿಂದ ನೇರ ಇಕ್ಕಳಕ್ಕೆ, ಇಕ್ಕಳದಿಂದ ಚೈನಿಗೆ. ಕ್ಲಿಪ್ಪು ಬಾಯಲ್ಲಿದ್ದಾಗ ಯಾರ ಜೊತೆಗೂ ಮಾತಾಡಲು ಬರುವುದಿಲ್ಲ. ನಿನ್ನೆ ಅವನು ಮಾತಾಡಿದ್ದ. ಎರಡು ವಾಕ್ಯ, ಒತ್ತು ಕೊಟ್ಟು, ತಲೆ ಎತ್ತಿ. ಹಾಗಾದರೆ ಕ್ಲಿಪ್ಪನ್ನು ತೆಗೆದು ಎಲ್ಲೋ ಇಟ್ಟಿದ್ದ. ಮಂಡಿಯ ಪಕ್ಕದಲ್ಲೇ ಇದ್ದದ್ದು ಸೀಮೆಎಣ್ಣೆಯ ತಟ್ಟೆ. ಮಾತಿನ ಗೆಲುವಿನಲ್ಲಿ ಕೈ ಮುಂದಿನ ಕೆಲಸಕ್ಕೆ ಹೋಗಿತ್ತು. ಟೈಲರ್ ಕೊನೆಯ ಸೂಜಿ ತೆಗೆದು, "ಏನ್ ಕೇಳಿದ್ರಿ?" ಎನ್ನುವಷ್ಟರಲ್ಲಿ ಅವನು ಅಲ್ಲಿರಲಿಲ್ಲ.

ಹತ್ತೂ ಹತ್ತು. ಅಕ್ಕನ ಫೋನು ಗಂಟೆ ಹೊಡೆದು ಹೊಡೆದು ಸುಮ್ಮನಾಯಿತು. ಭಾವನದು ಆಫ್. ಗಾಡಿ ಮೇಲೆ ಕೂತರೆ ಭಾವ ಫೋನು ಆಫ್ ಮಾಡಿಡುತ್ತಾರೆ, ಶಿಸ್ತಿನ ಮನುಷ್ಯ. ಅವನು ಕ್ಲಿಪ್ಪನ್ನೂ ಇಕ್ಕಳವನ್ನೂ ಜೇಬಿಗೆ ಹಾಕಿಕೊಂಡು, ಶಟರ್ ಅರ್ಧ ಎಳೆದು ಸ್ಕೂಟರ್ ಹತ್ತಿದ. ಅಕ್ಕನ ಮನೆ ದಾರಿಯಲ್ಲೇ. ಬಾಗಿಲಿಗೆ ಬೀಗ. ಗೇಟಿಗೆ ಹಳೆಯ ಚೈನು ಎರಡು ಸುತ್ತು ಸುತ್ತಿ, ಅದರ ತುದಿಗಳಿಗೆ ಹೊಸ ಬೀಗ ಸಿಕ್ಕಿಸಿತ್ತು. ಅವನು ಇಳಿದು ಬಗ್ಗಿ ನೋಡಿದ. ಸೇರಿಸುವ ಕೊಂಡಿ ಅಲ್ಲಿರಲಿಲ್ಲ. ಭಾವ ಬಿಸಾಡಿರಬಹುದು, ತಾನೇ ಸಿಕ್ಕಿಸದೆ ಕೊಟ್ಟಿರಬಹುದು. ಎದುರು ಮನೆಯ ಅಜ್ಜಿ ಮಹಡಿಯಿಂದ, "ಈಗ ತಾನೇ ಹೋದ್ರಲ್ಲಪ್ಪ, ಕಾಲು ಗಂಟೆ ಆಯ್ತೇನೋ," ಎಂದಿತು. ಕಾಲು ಗಂಟೆ. ಎರಡೂವರೆ ಗಂಟೆ ತನ್ನ ಹತ್ತಿರ ಇತ್ತು.

ಊರು ದಾಟಿದ ಮೇಲೆ ರಸ್ತೆಯ ಮೇಲಿನ ಪ್ರತಿಯೊಂದು ಕಪ್ಪು ಗೆರೆಯೂ ಬಿದ್ದ ಚೈನಿನ ಹಾಗೆ ಕಂಡಿತು. ಒಂದು ಹರಿದ ಟೈರಿನ ಪಟ್ಟಿ, ಒಂದು ಹಗ್ಗ, ತಾರಿನ ಬಿರುಕು. ತಿರುವು ಬಂದಾಗಲೆಲ್ಲ ಆಚೆ ಜನ ಗುಂಪುಗೂಡಿರುವ ಚಿತ್ರ ಮೊದಲು ಬರುತ್ತಿತ್ತು, ಆಮೇಲೆ ಖಾಲಿ ರಸ್ತೆ. ಆ ಗುಂಪಿನ ನಡುವೆ ತಾನು ಹೇಗೆ ಹೋಗಬೇಕು, ಯಾರಿಗೆ ಏನು ಹೇಳಬೇಕು ಎಂದು ಮನಸ್ಸು ಆಗಲೇ ಸಿದ್ಧ ಮಾಡಿಕೊಳ್ಳುತ್ತಿರುವುದು ಗೊತ್ತಾಗಿ ಅವನು ವೇಗ ಹೆಚ್ಚಿಸಿದ. ಏರು ಮುಗಿಯಿತು. ಅಲ್ಲಿ ಚೈನು ಕಳಚಿರಲಿಲ್ಲ. ಇಳಿಜಾರು ಶುರುವಾಗುವ ಮೊದಲು ರೈಲ್ವೆ ಗೇಟು. ಗೇಟು ಹಾಕಿತ್ತು. ಒಂದು ಲಾರಿ, ಎರಡು ಕಾರು, ಅವುಗಳ ಪಕ್ಕದಲ್ಲಿ ಭಾವನ ನೀಲಿ ಗಾಡಿ. ಭಾವ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. ಅಕ್ಕ ಕೆಳಗಿಳಿದು ಕಾಲು ಜಾಡಿಸುತ್ತ ನಿಂತಿದ್ದಳು. ಎರಡು ಕಾಲು, ಎರಡೂ ನೆಲದ ಮೇಲೆ.

"ಅಯ್ಯೋ, ಇವನ್ಯಾಕೆ ಬಂದ?" ಅಕ್ಕನ ಮುಖ ಬಿಳಿಚಿತು. "ಅಮ್ಮಂಗೇನಾದ್ರೂ ಆಯ್ತೇನೋ?"

"ಅಮ್ಮ ಚೆನ್ನಾಗಿದ್ದಾಳೆ. ಭಾವ, ದೊಡ್ಡ ಸ್ಟ್ಯಾಂಡ್ ಹಾಕಿ."

"ಯಾಕೋ, ಏನಾಯ್ತು?" ಎಂದರು ಭಾವ.

"ಹೊಸ ಚೈನು. ಮೊದಲನೇ ಓಟಕ್ಕೆ ಸ್ವಲ್ಪ ಸಡಿಲ ಬೀಳುತ್ತೆ. ಇಳಿಜಾರಿಗೆ ಮುಂಚೆ ಒಂದ್ಸಲ ನೋಡ್ಬೇಕು."

ಸುಳ್ಳು ಎಣ್ಣೆ ಹಾಕಿದ ಹಾಗೆ ಬಂತು. ಪೂರ್ತಿ ಸುಳ್ಳೂ ಅಲ್ಲ. ಅವನು ರಸ್ತೆಯ ಮೇಲೆ ಮಂಡಿಯೂರಿ, ಜೇಬಿನ ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡ, ಬೇಕಾಗಬಹುದು. ಚೈನಿನ ಕವರಿನ ಕೆಳಗಡೆಯ ರಬ್ಬರ್ ಬಿರಡೆ ಕಿತ್ತ. ರೂಪಾಯಿ ಅಗಲದ ಕಿಂಡಿ. ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸತೊಡಗಿದ. ಕಿಂಡಿಯಲ್ಲಿ ಕೊಂಡಿಗಳು ಒಂದರ ಹಿಂದೊಂದು ಬಂದವು, ಹೊಸವು, ಜಿಡ್ಡು ಹತ್ತಿದವು, ಒಂದರಂತೆ ಇನ್ನೊಂದು. ಇಪ್ಪತ್ತು. ಮೂವತ್ತು. ದೂರದಲ್ಲಿ ರೈಲು ಕೂಗಿತು. ಕಾರಿನಲ್ಲಿದ್ದ ಒಂದು ಮಗು ಗಾಜಿಗೆ ಮೂಗು ಒತ್ತಿ ಅವನನ್ನೇ ನೋಡುತ್ತಿತ್ತು. ಐವತ್ತು. ಎಣಿಕೆ ತಪ್ಪಿತು. ಸೇರಿಸುವ ಕೊಂಡಿ ತನ್ನ ಕಣ್ಣು ತಪ್ಪಿಸಿ ಹೋಗಿಯೇಬಿಟ್ಟಿತೇನೋ ಅನ್ನಿಸಿ ಕೈ ನಿಧಾನವಾಯಿತು. ಆಗ ಬಂತು. ಹೊಳೆಯುವ ಪಟ್ಟಿ, ಅದರ ಮೇಲೆ ಪುಟ್ಟ ಮೀನು. ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ಹೇಗಿರಬೇಕೋ ಹಾಗೆ. ಅವನು ಇಕ್ಕಳದ ಮೂತಿಯಿಂದ ತಳ್ಳಿ ನೋಡಿದ. ಅಲುಗಲಿಲ್ಲ.

ರೈಲು ಬಂದು ಹೋಯಿತು. ಅದು ಹೋಗುವವರೆಗೆ ಯಾರಿಗೂ ಏನೂ ಕೇಳಿಸುವಂತಿರಲಿಲ್ಲ, ಅವನು ಕಿಂಡಿಗೆ ಹಣೆ ಹಚ್ಚಿ ಹಾಗೇ ಕೂತಿದ್ದ. ಸದ್ದು ಇಳಿದಾಗ ಭಾವ ಹೇಳುತ್ತಿದ್ದರು: "ನೋಡು, ಇದಪ್ಪ ಅಂದ್ರೆ ಕೆಲಸ! ಹಿಂದೆನೇ ಬಂದು ನೋಡಿದ್ಯಲ್ಲ, ಯಾವ ದೊಡ್ಡ ಶೋರೂಮಿನೋನು ಮಾಡ್ತಾನೆ ಹೇಳು? ಹೇಗಿದ್ರೂ ಇಷ್ಟು ದೂರ ಬಂದಿದೀಯ, ನಡಿ, ಹಾಸ್ಟೆಲ್‌ಗೂ ಬಾ. ಪುಟ್ಟೀನೂ ಮಾಮ ಮಾಮ ಅಂತಿರ್ತಾಳೆ." ಹದಿನೈದು ವರ್ಷದಲ್ಲಿ ಭಾವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ಅವನು ತಲೆಯಾಡಿಸಿದ. ಅಕ್ಕ ಬಗ್ಗಿ ಅವನ ಮುಖ ನೋಡಿದಳು. "ಅದೇನೋ ಯಾವಾಗ್ಲೂ ಬಾಯಲ್ಲಿ ಕಬ್ಬಿಣ? ನಿನ್ನೆನೂ ಹೀಗೇ. ಇವ್ರು ಅಷ್ಟೆಲ್ಲ ಅಂದ್ರೂ ಹೂಂ ಇಲ್ಲ, ಉಹೂಂ ಇಲ್ಲ. ನನಗೇ ಹೊಟ್ಟೆ ಉರಿದುಹೋಯ್ತು, ಒಂದು ಮಾತಾದ್ರೂ ಆಡ್ಬಾರ್ದಾ ಅಂತ."

ಆಡಿರಲಿಲ್ಲ. ತಟ್ಟೆಯಲ್ಲಿದ್ದದ್ದು ಹಳೆಯದು. ನಿಂತುಹೋದ ನಗು, ಅಕ್ಕನ ತುಟಿಯ ಅಂಚು, 'ಮರೀಬೇಡಿ', ಎಲ್ಲವೂ ರಾತ್ರಿ ಚಾಪೆಯ ಮೇಲೆ ಮಲಗಿ ಮನಸ್ಸಿನಲ್ಲೇ ಕಟ್ಟಿಕೊಂಡದ್ದು. ನಿನ್ನೆಯೂ ಅವನು ಎಂದಿನಂತೆ ಕ್ಲಿಪ್ಪು ಕಚ್ಚಿಕೊಂಡು, ಉಗುಳು ನುಂಗಿ, ತಲೆ ತಗ್ಗಿಸಿ ಅಚ್ಚುಕಟ್ಟಾಗಿ ಕೆಲಸ ಮುಗಿಸಿದ್ದ. ಆ ಕಿಂಡಿಯಲ್ಲಿ ಕ್ಲಿಪ್ಪು ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನಿಗೆ ಅನ್ನಿಸಿತು. ಅನ್ನಿಸಿದಾಗ ಅಕ್ಕನ ಚಪ್ಪಲಿ ಅವನ ಮಂಡಿಯಿಂದ ಒಂದು ಗೇಣು ದೂರದಲ್ಲಿತ್ತು, ಹೆಬ್ಬೆರಳಿನ ಹತ್ತಿರ ಸವೆದ ಚಪ್ಪಲಿ.

ಗೇಟಿನ ಕಂಬ ಏಳತೊಡಗಿತು. ಲಾರಿ ಕೆಮ್ಮಿ ಶುರುವಾಯಿತು. ಭಾವ ಹೆಲ್ಮೆಟ್ಟಿನೊಳಗೆ ತಲೆ ತೂರಿಸುತ್ತಿದ್ದರು. ಅಕ್ಕ ಸೆರಗು ಸಿಕ್ಕಿಸುತ್ತ, ಸಹಜವಾದ ದನಿಯಲ್ಲಿ ಕೇಳಿದಳು: "ಅಲ್ವೋ, ಹತ್ತು ಗಂಟೆ ತನಕ ಮನೇಲೇ ಇದ್ವಲ್ಲ. ಆಗ್ಲೇ ಬರಬಾರ್ದಿತ್ತಾ? ಇಷ್ಟು ದೂರ ಓಡಿ ಬರೋ ಬದ್ಲು?"

ತಲೆಯಾಡಿಸಿ ನಕ್ಕುಬಿಟ್ಟರೆ ಆಗಿತ್ತು. ಬಾಯಲ್ಲಿ ಕ್ಲಿಪ್ಪು ಇದ್ದೇ ಇತ್ತು. ಅವನು ಅದನ್ನು ಎರಡು ಬೆರಳಲ್ಲಿ ತೆಗೆದ. ತುಟಿಗೆ ಸೀಮೆಎಣ್ಣೆಯ ರುಚಿ.

"ಕ್ಲಿಪ್ಪು ಹಾಕೋದು ಮರೆತೆ ಅನ್ಕೊಂಡೆ ಅಕ್ಕ. ಚೈನು ಬಿಟ್ಕೊಳ್ಳುತ್ತೆ ಅಂತ. ಬೆಳಿಗ್ಗೆ ಏಳೂವರೆಗೇ ಅನ್ನಿಸ್ತು."

"ಏಳೂವರೆಗೆ?"

"ಹೂಂ."

"ಫೋನು ಇತ್ತಲ್ಲೋ."

"ಇತ್ತು."

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅಕ್ಕ ಅವನನ್ನು ನೋಡಿದಳು. ಬೈಗುಳ ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಅವಳು ಬೈಯಲಿಲ್ಲ. ಏಳೂವರೆಯಿಂದ ಹತ್ತರವರೆಗಿನ ಹೊತ್ತನ್ನು ಅವಳು ಒಳಗೊಳಗೇ ಅಳೆಯುತ್ತಿದ್ದ ಹಾಗಿತ್ತು: ತಾನು ಜಡೆ ಹಾಕಿಕೊಂಡದ್ದು, ಡಬ್ಬಿ ಕಟ್ಟಿದ್ದು, ಬೀಗ ಹಾಕಿ ಎರಡು ಸಲ ಎಳೆದು ನೋಡಿದ್ದು. "ಏನೇ ಅದು, ಹತ್ತು ಬೇಗ," ಎಂದರು ಭಾವ. ಅವರಿಗೆ ಏನೂ ಕೇಳಿರಲಿಲ್ಲ. ಅವಳು ಹತ್ತಿ ಕೂತಳು. ಅವನು ಅಲ್ಲೇ ನಿಂತಿದ್ದ.

"ನೀನು ಮುಂದೆ ಹೋಗು," ಅಂದಳು ಅಕ್ಕ. "ನಮ್ಮ ಹಿಂದೆ ಬರಬೇಡ. ನನಗೆ ಕಾಣೋ ಹಾಗೆ ಮುಂದೆ ಹೋಗು."

ಅವನು ಸ್ಕೂಟರ್ ಹತ್ತಿದ. ಕೈಯಲ್ಲಿದ್ದ ಕ್ಲಿಪ್ಪು ಎಲ್ಲಿ ಬಿತ್ತೋ ನೋಡಲಿಲ್ಲ. ಹಳಿಗಳ ಮೇಲೆ ಎರಡು ಸಲ ಕುಲುಕಿ ಸ್ಕೂಟರ್ ಆಚೆ ಇಳಿಯಿತು, ಕಣಿವೆಯ ರಸ್ತೆ ಎದುರಿಗೆ ಬಂತು. ಸ್ಕೂಟರಿಗೆ ಕನ್ನಡಿಯಿರಲಿಲ್ಲ, ಊರವರ ಗಾಡಿಗೆಲ್ಲ ಕನ್ನಡಿ ಹಾಕುವವನು ತನ್ನದಕ್ಕೆ ಹಾಕಿಕೊಂಡಿರಲಿಲ್ಲ. ಹಿಂದೆ ಹೊಸ ಚೈನಿನ ಸಮನಾದ ಸದ್ದು, ಅದರ ಮೇಲೆ ಅವಳು. ಬಿಟ್ಟಿಲ್ಲ ಕಣೋ ಎನ್ನುವ ದನಿಗಾಗಿ ಬೆನ್ನು ಕಿವಿಯಾಗಿತ್ತು. ಹಿಡಿದಿದ್ದಾಳೋ ಬಿಟ್ಟಿದ್ದಾಳೋ ತಿರುಗಿ ನೋಡಿದರೆ ಗೊತ್ತಾಗುತ್ತಿತ್ತು. ಮೊದಲ ತಿರುವು ಬಂತು. ಅವನು ತಿರುಗಿ ನೋಡಲಿಲ್ಲ.